ಅಪ್ಪನ ಹದಿನೈದೂವರೆ ಗಂಟೆ

ಸನಿವೇಲ್, ಕ್ಯಾಲಿಫೋರ್ನಿಯಾ, ಅಕ್ಟೋಬರ್ 12

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು. ನಾನು ಕ್ಷೇಮ.

ಕ್ಯಾಲೆಂಡರ್ ಹಾಳೆಯ ಹಿಂದೆ ನೀವು ಹಾಕಿದ ಲೆಕ್ಕದ ಫೋಟೋವನ್ನು ತಮ್ಮ ಕಳಿಸಿದ್ದ. 14,000 ಕಿಲೋಮೀಟರ್, ಗಂಟೆಗೆ 900ರ ವೇಗ, ಹದಿನೈದೂವರೆ ಗಂಟೆ. ಕೆಳಗೆ ಎರಡು ಗೆರೆ. ಪಕ್ಕದಲ್ಲಿ ‘ಮತ್ತೆ ಇವನಿಗೆ 22 ಗಂಟೆ ಯಾಕೆ?’ ಅಂತ ಪ್ರಶ್ನೆ. ಮೇಷ್ಟ್ರ ಕೈಬರಹ ನೋಡಿ ತುಂಬಾ ಖುಷಿಯಾಯಿತು.

ನಿಮ್ಮ ಭಾಗಾಕಾರ ಸರಿಯಾಗಿದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ದೂರ ಅಷ್ಟೇ. ಆದರೆ ನಾನು ಬಂದಿದ್ದು ದುಬೈ ಮೇಲೆ. ಅಲ್ಲಿಗೆ 2,700, ಅಲ್ಲಿಂದ ಇಲ್ಲಿಗೆ 13,000. ಅಲ್ಲೇ 1,700 ಜಾಸ್ತಿ ಆಯಿತು. ನಡುವೆ ವಿಮಾನ ಬದಲಿಸಬೇಕು. ನೇರ ಹಾರಿದರೂ ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. 2021ರ ಜನವರಿಯಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳು ಏರ್ ಇಂಡಿಯಾ ವಿಮಾನವನ್ನು ಇಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದರಲ್ಲ, ಅದಕ್ಕೂ ಹದಿನೇಳು ಗಂಟೆಗಿಂತ ಜಾಸ್ತಿ ಹಿಡಿಯಿತು. ಏರುವಾಗ, ಇಳಿಯುವಾಗ 900ರ ವೇಗ ಇರುವುದಿಲ್ಲ. ಎದುರುಗಾಳಿ ಬೇರೆ.

ಉತ್ತರಕ್ಕೆ ಯಾಕೆ ಹೋಗಬೇಕು ಅಂತ ಅಮ್ಮ ಕೇಳುತ್ತಾಳೆ. ಅಟ್ಲಾಸ್ ಬೇಡ, ನಿಮ್ಮ ಹಳೇ ಗ್ಲೋಬ್ ಕೆಳಗಿಳಿಸಿ. ಬೆಂಗಳೂರಿನ ಮೇಲೆ ದಾರದ ಒಂದು ತುದಿ ಒತ್ತಿ, ಇನ್ನೊಂದನ್ನು ಕ್ಯಾಲಿಫೋರ್ನಿಯಾಗೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಮೇಲಕ್ಕೆ ಜಾರಿ ಸೈಬೀರಿಯಾ ಹತ್ತುತ್ತದೆ. ಅದೇ ದಾರವನ್ನು ಭೂಮಧ್ಯರೇಖೆಯ ಮೇಲಿಟ್ಟು ನೋಡಿ. ಪೂರ್ತಿ ಸುತ್ತು 40,000 ಕಿ.ಮೀ., ನಮ್ಮ ದಾರ ಅದರಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಉದ್ದ. ಅಮ್ಮನಿಗೆ ತೋರಿಸಿ.

ಗಡಿಯಾರವಂತೂ ನಂಬುವ ಹಾಗೇ ಇಲ್ಲ. ಜೂನ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಅದೇ ದಿನ ಮಧ್ಯಾಹ್ನ ಒಂದೂವರೆಗೆ ಇಳಿದೆ. ಇಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಅದಕ್ಕೆ. ನವೆಂಬರ್‌ನಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಹದಿಮೂರೂವರೆ.

ಕಳೆದ ವರ್ಷ ಅಮ್ಮ ಆಸ್ಪತ್ರೆ ಸೇರಿದಾಗ ನಾನು ಬಂದೆನಲ್ಲ, ಆ ದಾರಿ ಇನ್ನೂ ಮರೆತಿಲ್ಲ. ಎದುರು ಸೀಟಿನ ಪರದೆಯಲ್ಲಿ ಪುಟ್ಟ ವಿಮಾನದ ಚಿತ್ರ. ಉಳಿದ ದೂರ 9,840. ಕಣ್ಣು ಮುಚ್ಚಿದೆ, ನಿದ್ದೆ ಬಂತು ಅಂದುಕೊಂಡೆ. ಎದ್ದು ನೋಡಿದರೆ 9,500. ಪಕ್ಕದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಸುಮ್ನೆ ಕೂತಿದ್ದರು. ಯಾವ ಭಾಷೆಯವರೋ, ಒಂದು ಮಾತೂ ಆಡಲಿಲ್ಲ.

ಅವತ್ತಿನಿಂದ ನಾನು ವಿಮಾನದ ಗಂಟೆ ಲೆಕ್ಕ ಹಾಕುವುದಿಲ್ಲ ಅಪ್ಪ, ಈ ಬಾಗಿಲಿಂದ ಆ ಬಾಗಿಲಿಗೆ ಹಾಕುತ್ತೇನೆ. ಡಿಸೆಂಬರ್‌ನಲ್ಲಿ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ಇಲ್ಲಿ ಬೀಗ ಹಾಕುತ್ತೇನೆ. ಆಗ ನಿಮಗೆ ಶನಿವಾರ ಬೆಳಗಿನ ಜಾವ ಎರಡು, ಮಲಗಿರುತ್ತೀರಿ. ಭಾನುವಾರ ಬೆಳಗಿನ ಜಾವ ಮೂರಕ್ಕೆ ದೇವನಹಳ್ಳಿ. ಅಲ್ಲಿಂದ ಕಾರಿನಲ್ಲಿ ಅರಸೀಕೆರೆ, ಎಂಟು ಗಂಟೆಗೆ ಮನೆ. ಒಟ್ಟು ಮೂವತ್ತು ಗಂಟೆ. ನೀವು ನಿದ್ದೆಗೆಟ್ಟು ಏರ್‌ಪೋರ್ಟಿಗೆ ಬರಬೇಡಿ, ಕಾರು ನಾನೇ ಮಾಡಿಕೊಂಡು ಬರುತ್ತೇನೆ. ಅಕ್ಕಿ ರೊಟ್ಟಿ ಹಿಟ್ಟನ್ನು ಏಳೂವರೆಗೆ ಕಲಸಿದರೆ ಸಾಕು ಅಂತ ಅಮ್ಮನಿಗೆ ಹೇಳಿ.

ಇಂತಿ ನಿಮ್ಮ ಮಗ