ಚೇತನ್‌ನ ಓದಿನ ವಿಚಾರ

ಸ್ಟುಟ್‌ಗಾರ್ಟ್

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ತಿಳಿಸಿ.

ಚೇತನ್ ಮೈಸೂರಿನ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಗೇ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ, ಪಿಯುಸಿ ಸೈನ್ಸ್ ಬಿಟ್ಟು ಮೆಷಿನ್ ಕೆಲಸ ಕಲಿಯುತ್ತಾನಲ್ಲ ಅಂತ ನೀವು ನೊಂದುಕೊಂಡಿದ್ದೀರಿ ಎಂದು ಅಮ್ಮ ಹೇಳಿದಳು. ಫೋನಿನಲ್ಲಿ ಇಷ್ಟೆಲ್ಲ ಮಾತಾಡಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಫ್ಯಾಕ್ಟರಿಗೆ ಪ್ರತಿವರ್ಷ ಹದಿನಾರು ಹದಿನೇಳರ ಮಕ್ಕಳು ಅಪ್ರೆಂಟಿಸ್ ಆಗಿ ಬರುತ್ತಾರೆ. ವಾರಕ್ಕೆ ಮೂರು ನಾಲ್ಕು ದಿನ ಫ್ಯಾಕ್ಟರಿ, ಉಳಿದ ದಿನ ಕಸುಬಿನ ಶಾಲೆ. ಮೊದಲ ತಿಂಗಳಿಂದಲೇ ಸಂಬಳ. ಮೂರೂವರೆ ವರ್ಷದ ಕೊನೆಗೆ ಪರೀಕ್ಷೆ ನಡೆಸುವುದು ಕಂಪನಿಯಲ್ಲ, ಶಾಲೆಯೂ ಅಲ್ಲ, ಆ ಭಾಗದ ಕೈಗಾರಿಕೆ ಮತ್ತು ವಾಣಿಜ್ಯ ಮಂಡಳಿ. ಹಾಗಾಗಿ ಆ ಸರ್ಟಿಫಿಕೇಟಿಗೆ ಇಡೀ ಜರ್ಮನಿಯಲ್ಲಿ ಬೆಲೆಯಿದೆ.

ಶುರುವಿನಲ್ಲಿ ಅವರ ಕೈಗೆ ಕೊಡುವುದು ಅರ. ಉಕ್ಕಿನ ತುಂಡನ್ನು ವೈಸ್‌ಗೆ ಬಿಗಿದು ಉಜ್ಜುತ್ತಾರೆ, ಮೂಲೆ ನೇರವಿದೆಯೇ ಅಂತ ಅಳೆಯುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುತ್ತಾರೆ. ಅಂಚಿನಡಿ ಬೆಳಕು ನುಸುಳಿದರೆ ಮತ್ತೆ ಉಜ್ಜಬೇಕು. ಅದೇ ಮಕ್ಕಳು ಮೂರನೇ ವರ್ಷಕ್ಕೆ ರೋಬೋಟಿಗೆ ಪ್ರೋಗ್ರಾಂ ಬರೆಯುತ್ತಾರೆ. ಮೊನ್ನೆ ಒಬ್ಬ ಹುಡುಗಿ ಮೆಷಿನ್ನಿನ ತಿರುಗುವ ದಂಡ, ಅಂದರೆ ಸ್ಪಿಂಡಲ್‌ನ ವೈಬ್ರೇಷನ್ ಗ್ರಾಫ್ ನೋಡಿ ಬೇರಿಂಗ್ ಹೋಗುತ್ತಿದೆ ಅಂದಳು. ತಾನೇ ಬಿಚ್ಚಿದಳು. ಬೇರಿಂಗಿನ ಹೊರಗಿನ ಬಳೆಯಲ್ಲಿ ಉಗುರಿಗೆ ತಾಕುವಷ್ಟು ಸಣ್ಣ ಗುಳಿ ಬಿದ್ದಿತ್ತು.

ನಾನು ಬಿಇ ಓದುವಾಗ ಇದ್ದ ಒಂದೇ ಸಿಎನ್‌ಸಿ ಮೆಷಿನ್, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್ ಸುತ್ತ ನಿಂತು ನೋಡಿ, ರೆಕಾರ್ಡ್ ಬರೆದು ಸಹಿ ಹಾಕಿಸಿಕೊಂಡು ಬರುತ್ತಿದ್ದೆವು ಅಪ್ಪ. ಮುಟ್ಟಲು ಬಿಡುತ್ತಿರಲಿಲ್ಲ.

ಇಲ್ಲಿ ಪಠ್ಯವನ್ನೂ ಕಾಲಕ್ಕೆ ತಕ್ಕಂತೆ ತಿದ್ದುತ್ತಾರೆ. 1998ರಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಕೂಡಿಸಿ ಮೆಕಟ್ರಾನಿಕ್ಸ್ ಅಂತ ಹೊಸ ಕಸುಬನ್ನೇ ಶುರು ಮಾಡಿದರು. 2018ರಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಕಸುಬುಗಳಿಗೆ ಡಿಜಿಟಲ್ ಕೆಲಸ, ಡೇಟಾ ಸುರಕ್ಷತೆ ಸೇರಿಸಿದರು. ಏನು ಬದಲಾಗಬೇಕು ಅಂತ ಕಂಪನಿಯವರು, ಕಾರ್ಮಿಕ ಸಂಘದವರು, ಸರ್ಕಾರದವರು ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ. ಕಲಿಸುವವರಿಗೂ ಬೇರೆ ಪರೀಕ್ಷೆಯಿದೆ. 2022ರ ಹೊತ್ತಿಗೆ ನಮ್ಮ ರಾಜ್ಯದ 150 ಐಟಿಐಗಳಿಗೆ ಹೊಸ ಯಂತ್ರಗಳು ಬಂದವು, ಅದು ದೊಡ್ಡ ಕೆಲಸವೇ. ಆದರೆ ಆ ಯಂತ್ರವನ್ನು ಧೈರ್ಯವಾಗಿ ಹುಡುಗರ ಕೈಗೆ ಬಿಡುವ, ಸ್ವತಃ ಫ್ಯಾಕ್ಟರಿಯಲ್ಲಿ ದುಡಿದು ಬಂದ ಮೇಷ್ಟ್ರು ಇಲ್ಲದಿದ್ದರೆ ಏನು ಪ್ರಯೋಜನ?

ಜಿಟಿಟಿಸಿ ನನಗೆ ಹಿಡಿಸುವುದು ಇದಕ್ಕೇ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಅದು. ಹೊರಗಿನ ಕಂಪನಿಗಳ ಆರ್ಡರ್ ಕೆಲಸವೂ ಅಲ್ಲೇ ನಡೆಯುತ್ತದೆ. ಉಪಕರಣ, ಅಚ್ಚು ತಯಾರಿಸುವ ಟೂಲ್ ಅಂಡ್ ಡೈ ಡಿಪ್ಲೊಮಾ ಅಂದರೆ ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಪೂರ್ತಿ ಫ್ಯಾಕ್ಟರಿ ತರಬೇತಿ. ಬಿಇ ಮಾಡಬೇಕೆನಿಸಿದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ಅವನ ದಾರಿ ಎಲ್ಲೂ ಮುಚ್ಚುವುದಿಲ್ಲ.

ಒಂದು ದಿನ ಅವನ ಜೊತೆ ನೀವೇ ಹೋಗಿ ಬನ್ನಿ. ವಾರಕ್ಕೆ ಎಷ್ಟು ಗಂಟೆ ಮೆಷಿನ್ ಮೇಲೆ ಕೆಲಸ, ನಾಲ್ಕನೇ ವರ್ಷ ಯಾವ ಕಂಪನಿಗಳಿಗೆ ಕಳಿಸುತ್ತಾರೆ, ಇವೆರಡನ್ನು ಕೇಳಿ. ಉತ್ತರ ಸಮಾಧಾನ ಆದರೆ ಸೇರಿಸಿಬಿಡಿ. ಫೀಸು ನಾನು ಕಳಿಸುತ್ತೇನೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ,
ರವಿ