ಮಗುವಿನ ಕಿವಿ ಸರಿಯಾಗಿಯೇ ಇದೆ

ಮಾನ್ಯ ಸಂಪಾದಕರೇ,

ನಾಲ್ಕನೆಯ ತರಗತಿಯ ನನ್ನ ಮೊಮ್ಮಗಳು ಕಳೆದ ವಾರ ತನ್ನ ಉಕ್ತಲೇಖನದ ಪುಸ್ತಕ ತಂದು ತೋರಿಸಿದಳು. ‘ಚಿನ್ಹೆ’, ‘ಬ್ರಮ್ಹ’, ‘ಮಧ್ಯಾನ್ಹ’ ಮೂರಕ್ಕೂ ಕೆಂಪು ಸುತ್ತು. ಪ್ರತಿಯೊಂದನ್ನೂ ಇಪ್ಪತ್ತು ಸಲ ಬರೆಯಬೇಕಂತೆ. ಕೆಳಗೊಂದು ಷರಾ: ‘ಕಿವಿಗೊಟ್ಟು ಕೇಳು.’

31 ವರ್ಷ ಕನ್ನಡ ಕಲಿಸಿದ ನನಗೆ ಆ ಷರಾ ಓದಿ ಸಂಕಟವಾಯಿತು. ಕಿವಿಗೊಟ್ಟು ಕೇಳಿದ್ದರಿಂದಲೇ ಅವಳು ಹಾಗೆ ಬರೆದದ್ದು! ನಮ್ಮಲ್ಲಿ ಬಹುಮಂದಿ, ಓದುಬರಹ ಚೆನ್ನಾಗಿ ಬಲ್ಲವರೂ, ಈ ಪದಗಳಲ್ಲಿ ನಕಾರ ಮಕಾರಗಳನ್ನು ಮೊದಲು ನುಡಿದು ಹಕಾರವನ್ನು ಆಮೇಲೆ ತರುತ್ತೇವೆ. ಬರಹ ಸಂಸ್ಕೃತದ ಮೂಲವನ್ನು ಹಿಡಿದುಕೊಂಡಿದೆ, ನಾಲಿಗೆ ತನ್ನ ದಾರಿ ಹಿಡಿದಿದೆ.

‘ಕನ್ನಡ ಬರೆದಂತೆ ಓದುವ ಭಾಷೆ’ ಎಂದು ನಾನೂ ತರಗತಿಯಲ್ಲಿ ಹೇಳುತ್ತಿದ್ದೆ. ಇಂಗ್ಲಿಷಿನ ಪಕ್ಕದಲ್ಲಿಟ್ಟರೆ ಅದು ಬಹುಮಟ್ಟಿಗೆ ನಿಜ, ಆದರೆ ಪೂರ್ತಿ ನಿಜವಲ್ಲ. ಅಂಕ, ಅಂಚು, ಅಂಟು, ಅಂದ, ಅಂಬು ಎಂದು ನಿಧಾನವಾಗಿ ಹೇಳಿ ನೋಡಿ. ಬರೆಯುವ ಸೊನ್ನೆ ಒಂದೇ. ಬಾಯೊಳಗೆ ಮಾತ್ರ ಐದು ಬೇರೆ ಬೇರೆ ಅನುನಾಸಿಕಗಳು: ಮೊದಲನೆಯದು ನಾಲಿಗೆಯ ಬುಡದಲ್ಲಿ, ಕೊನೆಯದು ಮುಚ್ಚಿದ ತುಟಿಯಲ್ಲಿ. ‘ಸೂರ್ಯ’ದ ಅರ್ಕಾವತ್ತನ್ನು ಯಕಾರದ ನಂತರ ಬರೆಯುತ್ತೇವೆ, ಮೊದಲು ಉಚ್ಚರಿಸುತ್ತೇವೆ. ‘ಫಲ’ಕ್ಕೂ ‘ಫೋನ್’ಗೂ ಒಂದೇ ಅಕ್ಷರ. ಫಲದಲ್ಲಿ ಎರಡು ತುಟಿಗಳು ಕೂಡಬೇಕು, ಫೋನಿನಲ್ಲಿ ಮೇಲ್ಹಲ್ಲು ಕೆಳದುಟಿಗೆ ತಾಗುತ್ತದೆ. (ಫಲಿತಾಂಶವನ್ನೂ ಹಲ್ಲು ತಾಗಿಸಿಯೇ ಹೇಳುವವರು ಈಗ ಎಷ್ಟೊಂದು ಜನ!) ಶ, ಷಗಳ ವ್ಯತ್ಯಾಸವಂತೂ ಹೆಚ್ಚಿನವರ ಮಾತಿನಲ್ಲಿ ಉಳಿದೇ ಇಲ್ಲ.

ಇದು ಹೊಸ ಸಂಗತಿಯೂ ಅಲ್ಲ. 13ನೆಯ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣ ಗ್ರಂಥ ‘ಶಬ್ದಮಣಿದರ್ಪಣ’ದಲ್ಲಿ ಹಳಗನ್ನಡದ ೞಕಾರ ಬರುವ ಪದಗಳನ್ನು ಪಟ್ಟಿ ಮಾಡಿಕೊಟ್ಟಿದ್ದಾನೆ. ಇಂದು ಆ ಧ್ವನಿಯೂ ಇಲ್ಲ, ಅಕ್ಷರವೂ ಬಳಕೆಯಲ್ಲಿಲ್ಲ.

ಕಾಗುಣಿತ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ‘ಚಿಹ್ನೆ’ ಎಂದೇ ಬರೆಯಬೇಕು. ಆದರೆ ಇಲ್ಲಿ ಧ್ವನಿ ಬೇರೆ, ಬರಹ ಬೇರೆ ಎಂದು ಮಗುವಿಗೆ ಬಾಯಿಬಿಟ್ಟು ಹೇಳಬೇಕು. ಕ, ಚ, ಟ, ತ, ಪ ಎಂಬ ಸಾಲೇ ಬಾಯಿಯ ಹಿಂಭಾಗದಿಂದ ತುಟಿಯವರೆಗಿನ ನಕ್ಷೆ. ಅದನ್ನು ಮಗ್ಗಿಯಂತೆ ಉರು ಹೊಡೆಸುವ ನಾವು ಈ ಮಾತನ್ನೇ ಹೇಳುವುದಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಪ, ಆಮೇಲೆ ಮಹಾಪ್ರಾಣದ ಫ ಹೇಳು ಎಂದೆ. ‘ಅಜ್ಜಿ, ಗಾಳಿ ಬಂತು’ ಎಂದಳು ಮೊಮ್ಮಗಳು. ಆಮೇಲೆ ವರ್ಣಮಾಲೆಯ ಪುಟ ತೆರೆದು ಒಂದೊಂದೇ ಅಕ್ಷರವನ್ನು ಅಂಗೈಗೆ ಹೇಳುತ್ತಾ ಕುಳಿತಳು.

— ನಿವೃತ್ತ ಶಿಕ್ಷಕಿ