ಗುವಾಹಟಿಗೆ ಸೂರತ್ ಮೇಲೆ ದಾರಿ

ದಾವಣಗೆರೆ

ಪ್ರೀತಿಯ ಪುಟ್ಟಿಗೆ,

ಫೋನಿನಲ್ಲಿ ಇಷ್ಟೆಲ್ಲ ಹೇಳಲು ಹೋದರೆ ನೀನು ಅರ್ಧಕ್ಕೇ "ಆಯ್ತು ಅಪ್ಪಾಜಿ" ಅಂತ ಇಟ್ಟುಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಗುವಾಹಟಿಯಲ್ಲಿ ನಮ್ಮವರು ಅಂತ ಒಬ್ಬರೂ ಇಲ್ಲ, ರೂಮು ಹುಡುಕೋದು ಹೇಗೆ ಅಂತ ನೀನು ಕೇಳಿದ್ದೆ ಅಲ್ವಾ? ನಿಮ್ಮಮ್ಮ ಅವತ್ತೇ ನೆಂಟರಿಗೆಲ್ಲ ಫೋನ್ ಹಚ್ಚಿದಳು. ಹರಿಹರ, ಜಗಳೂರು, ಹೊನ್ನಾಳಿ, ಚಿತ್ರದುರ್ಗ. "ಹೆಣ್ಣುಮಗೀನ ಅಷ್ಟು ದೂರ ಯಾಕೆ ಕಳಿಸಿದ್ರಿ" ಅಂತ ಎಲ್ಲರೂ ಮರುಗಿದರು. ಆ ಕಡೆಯವರು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿರೋದಾದರೂ ಹೇಗೆ? ನೆಂಟರಿಗೆ ಪರಿಚಯ ಇರೋರೆಲ್ಲ ನಮಗೂ ಪರಿಚಯದವರೇ. ಚೌಕಿಪೇಟೆಯಲ್ಲಿ ಹೊರಟ ಮಾತು ಬೀಗರು, ಬೀಗರ ಬೀಗರನ್ನೆಲ್ಲ ಸುತ್ತಿ ಸಂಜೆಯೊಳಗೆ ನಮ್ಮ ಬಟ್ಟೆ ಅಂಗಡಿ ಬಾಗಿಲಿಗೇ ವಾಪಸ್ ಬರುತ್ತದೆ.

ಆಗ ಹಿಂದೆ ಓದಿದ್ದೊಂದು ನೆನಪಾಯಿತು. ಅಮೆರಿಕದ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ 1960ರ ದಶಕದಲ್ಲಿ ಮಾಡಿದ ಪ್ರಯೋಗ. ಬಾಸ್ಟನ್ ನಗರದಲ್ಲಿ ಕೆಲಸ ಮಾಡುವ ಒಬ್ಬ ಷೇರು ದಲ್ಲಾಳಿ. ಮನೆ ಶಾರನ್ ಎಂಬ ಊರಲ್ಲಿ. ಅವರಿಗೆ ಒಂದು ಲಕೋಟೆ ಮುಟ್ಟಿಸಬೇಕು. ಪರಿಚಯ ಇಲ್ಲದಿದ್ದರೆ ನೇರವಾಗಿ ಕಳಿಸುವಂತಿಲ್ಲ. ಹೆಸರು ಹಿಡಿದು ಮಾತಾಡಿಸುವಷ್ಟು ಬಳಕೆ ಇರುವವರಿಗೆ ಕೊಡಬೇಕು, ಅವರು ತಮಗೆ ಗೊತ್ತಿರುವ ಇನ್ನೊಬ್ಬರಿಗೆ. ಹೀಗೆ 296 ಜನರಿಗೆ ಹೇಳಿದರು. ಹೆಚ್ಚಿನವರು ದೂರದ ನೆಬ್ರಾಸ್ಕಾದವರು. 217 ಜನ ಮುಂದಕ್ಕೆ ಕಳಿಸಿದರು. ಕೊನೆಗೆ ಮುಟ್ಟಿದ್ದು 64. ಅವುಗಳಲ್ಲಿ ನಡುವೆ ಇದ್ದವರು ಸರಾಸರಿ ಐದು ಚಿಲ್ಲರೆ ಜನ. ಜಗತ್ತಿನಲ್ಲಿ ಯಾರಿಂದ ಯಾರಿಗೇ ಆಗಲಿ ಆರೇ ಹೆಜ್ಜೆ ಅಂತ ಜನ ಹೇಳುವಾಗ ಈ 64ನ್ನೇ ಎತ್ತುತ್ತಾರೆ. ದಾರಿಯಲ್ಲೇ ನಿಂತುಹೋದವುಗಳ ಸುದ್ದಿ ಜಾಸ್ತಿ ಯಾರೂ ತೆಗೆಯುವುದಿಲ್ಲ.

ನನಗೆ ಖುಷಿಯಾಗಿದ್ದು ಎಲ್ಲಿ ಗೊತ್ತಾ? ಆ 64ರಲ್ಲಿ 16 ಲಕೋಟೆಗಳನ್ನು ಕೊನೆಗೆ ದಲ್ಲಾಳಿಗೆ ಮುಟ್ಟಿಸಿದವರು ಒಬ್ಬರೇ. ಶಾರನ್ನಿನ ಬಟ್ಟೆ ವ್ಯಾಪಾರಿ! ನಿಮ್ಮಮ್ಮನಿಗೆ ಹೇಳಿದೆ. "ಬಟ್ಟೆ ಅಂಗಡೀಲಿ ಕೂತವರಿಗೆ ಮಾತಾಡೋದು ಬಿಟ್ಟು ಇನ್ನೇನು ಕೆಲಸ" ಅಂದಳು. ಇರಲಿ.

2003ರಲ್ಲಿ ಇದೇ ಪ್ರಯೋಗ ಈಮೇಲ್ ಮೂಲಕ ಮಾಡಿದ್ದರ ಫಲಿತಾಂಶ ಬಂತು. 13 ದೇಶಗಳಲ್ಲಿದ್ದ 18 ಜನರನ್ನು ಮುಟ್ಟಬೇಕಿತ್ತು. ಶುರುವಾದ ಸರಪಳಿ 24,163, ಮುಟ್ಟಿದ್ದು ಬರೀ 384. ಯಾಕೆ ಮುಂದಕ್ಕೆ ಕಳಿಸಲಿಲ್ಲ ಅಂತ ಕೇಳಿದರೆ, ಯಾರಿಗೆ ಕಳಿಸಬೇಕು ತೋಚಲಿಲ್ಲ ಅಂದವರು ಸಾವಿರಕ್ಕೆ ಮೂವರಷ್ಟೇ. ಅಂದರೆ ಪರಿಚಯದವರಿಗೆ ಬರ ಇರಲಿಲ್ಲ ಪುಟ್ಟಿ, ಮನಸ್ಸಿಗೆ ಬರ. 2011ರಲ್ಲಿ ಫೇಸ್‌ಬುಕ್ಕಿನ 72 ಕೋಟಿ ಜನರ ಲೆಕ್ಕ ಹಾಕಿ, ಇಬ್ಬರ ನಡುವೆ ಸರಾಸರಿ 4.74 ಹೆಜ್ಜೆ ಅಂದರು. ಅದು ಎಲ್ಲರನ್ನೂ ಒಟ್ಟಿಗೆ ನೋಡಬಲ್ಲ ಕಂಪ್ಯೂಟರಿನ ಲೆಕ್ಕ. ದಾರಿ ಇದೆ ಅನ್ನೋದು ಬೇರೆ, ದಾರಿಯಲ್ಲಿರೋರು ಫೋನ್ ಎತ್ತೋದು ಬೇರೆ.

ಹಾಗಾದರೆ ಯಾರನ್ನು ಕೇಳಬೇಕು? ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಬರೆದದ್ದು ನನಗೆ ಸರಿ ಅನಿಸುತ್ತದೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದ್ದರು. ವಾರಕ್ಕೆ ಎರಡು ಸಲವಾದರೂ ಸಿಗುವಂಥವರಿಂದ ಕೆಲಸದ ಸುದ್ದಿ ಬಂದದ್ದು ಆರರಲ್ಲಿ ಒಬ್ಬರಿಗೆ. ಉಳಿದವರಿಗೆಲ್ಲ ಅದಕ್ಕಿಂತ ಕಡಿಮೆ ಸಿಗುವವರಿಂದಲೇ.

ನಾನು ಸೂರತ್ತಿನ ಸೀರೆ ಏಜೆಂಟರಿಗೆ ಫೋನ್ ಮಾಡಿದೆ. ದಸರಾ, ಮದುವೆ ಸೀಸನ್ ಹತ್ತಿರ ಬಂದಾಗ ಮಾತಾಡುತ್ತೇವೆ, ಅದೂ ಬೇಲು, ಬಿಲ್ಲು ಅಷ್ಟೇ. ಬಾಕಿಗೆ ಟೈಮ್ ಕೇಳುತ್ತೇನೆ ಅಂದುಕೊಂಡು ಮೊದಲು ಬಿಗಿಯಾಗೇ ಮಾತಾಡಿದರು. ಮಗಳಿಗೆ ರೂಮು ಅಂದ ಕೂಡಲೇ ಮಾತಿನ ಧಾಟಿಯೇ ಬದಲಾಯಿತು. ಅವರಿಗೆ ಮಾಲು ಕೊಡುವ ಒಬ್ಬರು ಗುವಾಹಟಿಯ ಫ್ಯಾನ್ಸಿ ಬಜಾರಿಗೂ ಸೀರೆ ಕಳಿಸುತ್ತಾರಂತೆ. ಅಲ್ಲಿನ ವ್ಯಾಪಾರಿಯ ತಂಗಿ ಮನೆಯ ಮೇಲೆ ಎರಡು ರೂಮು ಖಾಲಿ ಇವೆ. ಹೆಣ್ಣುಮಕ್ಕಳಿಗೇ ಕೊಡೋದಂತೆ.

ಆ ತಂಗಿಯ ನಂಬರ್ ವಾಟ್ಸಾಪ್ ಮಾಡಿದ್ದೇನೆ. ಫೋನ್ ಮಾಡಿದಾಗ ನನ್ನ ಹೆಸರು ಹೇಳಿ ಪ್ರಯೋಜನ ಇಲ್ಲ. ಏಜೆಂಟರೂ ಅವರಿಗೆ ಗೊತ್ತಿರಲಿಕ್ಕಿಲ್ಲ. "ನಿಮ್ಮ ಅಣ್ಣ ಹೇಳಿದರು" ಅಂತ ಹಿಂದಿಯಲ್ಲಿ ಹೇಳು, ಸಾಕು. ಅಡ್ವಾನ್ಸ್ ಕೊಡೋ ಮುಂಚೆ ಹೋಗಿ ನೋಡು, ನಲ್ಲಿ ತಿರುಗಿಸಿ ನೀರು ಬರುತ್ತಾ ನೋಡು. ಇಷ್ಟು ಜನ ಹೇಳಿದ್ದಾರಲ್ಲ ಅಂತ ಮುಲಾಜಿಗೆ ಬಿದ್ದು ಒಪ್ಪಿಕೊಳ್ಳಬೇಡ.

ಇನ್ನೊಂದು. ಏಜೆಂಟರ ಅಕ್ಕನ ಮಗ ಬೆಂಗಳೂರಿಗೆ ಓದಲು ಬರುತ್ತಾನಂತೆ, ಪಿಜಿ ಬೇಕು ಅಂದರು. ನಿನ್ನ ಕಾಲೇಜಿನ ಹುಡುಗರಲ್ಲಿ ಬೆಂಗಳೂರು ಗೊತ್ತಿರುವ ಯಾರಿಗಾದರೂ ಕೇಳಿ ಒಂದು ನಂಬರ್ ಕಳಿಸು. ನಾಳೆ ಅನ್ನಬೇಡ, ಇವತ್ತೇ.

ನಿನ್ನ
ಅಪ್ಪಾಜಿ